ವಿಮಾನದ ಬಾಲ ಹಿಡಿದವರು

(ರಾಜ್ಯೋತ್ಸವದ ಸಂದರ್ಭದಲ್ಲಿ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವುದು ರೂಢಿ. ನನ್ನ ಪಾಲಿಗೆ ಬಂದಿರುವುದು ವಿಮಾನದ ಬಾಲ. ವಿಷಯ ಕೇಳಿ ನಮ್ಮ ಕಾರ್ಯದರ್ಶಿಗಳು ಮೊದಲು ನಕ್ಕರು. ಆಮೇಲೆ “ಆಗಲಿ, ಆದರೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಬಾಲ ಬಿಚ್ಚಬೇಡಿ” ಎಂದು ಅಪ್ಪಣೆ ಕೊಟ್ಟರು. ಅದನ್ನು ಪಾಲಿಸಲು ಯತ್ನಿಸುತ್ತೇನೆ.

ಅಂಚೆಚೀಟಿ, ನಾಣ್ಯ, ಬೆಂಕಿಪೆಟ್ಟಿಗೆಯ ಚೀಟಿ ಇವನ್ನು ಕೂಡಿಹಾಕುವವರನ್ನು ತಾವೆಲ್ಲ ಬಲ್ಲಿರಿ. ಅಂಥದೇ ಇನ್ನೊಂದು ಜಾತಿಯವರು ನಾವು. ವಿಮಾನದ ಹಿಂದುಗಡೆ ನೆಟ್ಟಗೆ ನಿಂತ ಫಲಕವೊಂದುಂಟಲ್ಲ, ವಿಮಾನದ ಮೂತಿ ಎಡಬಲಕ್ಕೆ ಹೊರಳದಂತೆ ನೋಡಿಕೊಳ್ಳುವುದು ಅದರ ಕೆಲಸ. ಎತ್ತರದಲ್ಲಿರುವುದರಿಂದ ಎರಡು ಪಕ್ಕದಿಂದಲೂ ಕಾಣುತ್ತದೆ; ಆದ್ದರಿಂದ ಕಂಪೆನಿಯವರು ತಮ್ಮ ಲಾಂಛನವನ್ನು ಅಲ್ಲಿ ಬರೆಸುತ್ತಾರೆ. ಆ ಲಾಂಛನಗಳ ಚಿತ್ರ ತೆಗೆದು, ದಿನಾಂಕ ಬರೆದು, ಆಲ್ಬಮ್ಮಿಗೆ ಅಂಟಿಸುವುದೇ ನಮ್ಮ ಹವ್ಯಾಸ.

ಇದೇನೂ ಹೊಸ ಸಂಗತಿಯಲ್ಲ. ಭಾರತಯುದ್ಧದಲ್ಲಿ ದೂಳಿನ ನಡುವೆ ಯಾರ ರಥ ಯಾವುದೆಂದು ತಿಳಿಯುತ್ತಿದ್ದುದು ಧ್ವಜದಿಂದಲೇ. ಅರ್ಜುನ ಕಪಿಧ್ವಜ, ಭೀಷ್ಮ ತಾಳಧ್ವಜ, ಕೌರವೇಶ್ವರ ಸರ್ಪಧ್ವಜ. ನಮ್ಮ ನಾಡಿನಲ್ಲಿಯೇ ಗಂಗರಿಗೆ ಆನೆ, ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ, ಮೈಸೂರಿನವರಿಗೆ ಗಂಡಭೇರುಂಡ. ಇಂದು ಜರ್ಮನಿಯ ಲುಫ್ಟ್‌ಹಾನ್ಸಾಕ್ಕೆ ಕ್ರೌಂಚಪಕ್ಷಿ; ಅದನ್ನು ಆಟೊ ಫಿರ್ಲೆ ಎಂಬಾತ 1918ರಲ್ಲಿಯೇ ಬರೆದುಕೊಟ್ಟ. ಆಸ್ಟ್ರೇಲಿಯದ ಕ್ವಾಂಟಸ್ಸಿಗೆ ಕಾಂಗರೂ, ಶ್ರೀಲಂಕನ್ನಿಗೆ ನವಿಲು. ಬಾಲದ ವಿಷಯದಲ್ಲಿ ದೊಡ್ಡವರೂ ಸಿಟ್ಟಾಗುತ್ತಾರೆ. 1997ರಲ್ಲಿ ಬ್ರಿಟಿಷ್ ಏರ್‌ವೇಸಿನವರು ತಮ್ಮ ಧ್ವಜದ ಬಣ್ಣ ಬಿಟ್ಟು ದೇಶದೇಶದ ಚಿತ್ತಾರಗಳನ್ನು ಬಾಲಕ್ಕೆ ಬರೆಸಿದಾಗ, ಶ್ರೀಮತಿ ಥ್ಯಾಚರ್ ಅವರು ಪ್ರದರ್ಶನಕ್ಕಿಟ್ಟಿದ್ದ ಮಾದರಿ ವಿಮಾನದ ಬಾಲಕ್ಕೆ ಎಲ್ಲರೆದುರಿಗೆ ಕರವಸ್ತ್ರ ಮುಚ್ಚಿಬಿಟ್ಟರು. ಕೊನೆಗೆ 2001ರಲ್ಲಿ ಕಂಪೆನಿಯವರು ಧ್ವಜಕ್ಕೇ ಹಿಂದಿರುಗಿದರು. ಚಿತ್ತಾರಗಳು ಚೆನ್ನಾಗಿಯೇ ಇದ್ದವೆಂದು ನನ್ನ ಎಣಿಕೆ.

ಇನ್ನು ನಮ್ಮ ಬಾಬತ್‌ಪುರಕ್ಕೆ ಬರೋಣ. ಊರಿನಿಂದ ಸುಮಾರು 25 ಕಿಲೋಮೀಟರ್ ದೂರದ ಈ ನಿಲ್ದಾಣಕ್ಕೆ 2005ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳ ಹೆಸರಿಟ್ಟರು. ಹಿಂದೆ ದೆಹಲಿ, ಆಗ್ರಾ, ಖಜುರಾಹೊ, ವಾರಾಣಸಿ, ಕಠ್ಮಂಡು ಎಂದು ಹಾರುತ್ತಿದ್ದ ಇಂಡಿಯನ್ ಏರ್‌ಲೈನ್ಸಿನ ಕಿತ್ತಳೆ ಬಣ್ಣದ ಬಾಲ ಇಲ್ಲಿಯ ಹಿರಿಯರಿಗೆ ನೆನಪಿರಬೇಕು. 2005ರ ಡಿಸೆಂಬರಿನಲ್ಲಿ ಆ ಕಂಪೆನಿ ಬರಿಯ ‘ಇಂಡಿಯನ್’ ಆಯಿತು. ಬಾಲಕ್ಕೆ ಕೋನಾರ್ಕದ ಚಕ್ರ ಬಂತು. 2007ರಲ್ಲಿ ಏರ್ ಇಂಡಿಯದೊಡನೆ ಸೇರಿಸಿದಾಗ ಆ ಚಕ್ರ ಕೆಂಪು ಹಂಸದ ಹೊಟ್ಟೆಯೊಳಗೆ ಹೋಯಿತು. ಟಾಟಾ ಅವರ ಕೈಗೆ ಬಂದ ಮೇಲೆ 2023ರಲ್ಲಿ ಹಂಸವೂ ಹಾರಿಹೋಗಿ ಬೇರೆ ಗುರುತು ಬಂದಿದೆ. ಹದಿನೆಂಟು ವರ್ಷದೊಳಗೆ ಒಂದೇ ವಂಶಕ್ಕೆ ನಾಲ್ಕು ವೇಷ! ಬೌದ್ಧ ಯಾತ್ರಿಕರನ್ನು ಹೊತ್ತು ಗಯೆಗೂ ಕಾಶಿಗೂ ಬರುತ್ತಿದ್ದ ಥಾಯ್ ಏರ್‌ವೇಸಿನ ನೇರಳೆ ಬಾಲ ನನಗೆ ಬಹಳ ಪ್ರಿಯವಾದದ್ದು. ಈಗ ಹೆಚ್ಚಾಗಿ ಕಾಣುವುದು ಇಂಡಿಗೋದ ಕಡುನೀಲಿ. ಅದರ ಗುರುತಾದ ಚುಕ್ಕೆಯ ವಿಮಾನವನ್ನು ನೋಡಿದಾಗಲೆಲ್ಲ ನಮ್ಮ ಕಡೆಯ ಚುಕ್ಕಿ ರಂಗೋಲಿ ನೆನಪಾಗುತ್ತದೆ.

ಏರ್ ಇಂಡಿಯ ಎಕ್ಸ್‌ಪ್ರೆಸ್ಸಿನವರು 2005ರಿಂದ ನಮ್ಮಂಥವರಿಗೆ ಹಬ್ಬವನ್ನೂ ತಲೆನೋವನ್ನೂ ಒಟ್ಟಿಗೆ ತಂದರು. ಒಂದೊಂದು ವಿಮಾನಕ್ಕೆ ಒಂದೊಂದು ಚಿತ್ರ, ಸಾಲದ್ದಕ್ಕೆ ಎಡಪಕ್ಕಕ್ಕೊಂದು ಬಲಪಕ್ಕಕ್ಕೊಂದು! ಒಂದು ಪಕ್ಕ ಸಿಕ್ಕಿದರೆ ಇನ್ನೊಂದಕ್ಕೆ ವರ್ಷಗಟ್ಟಲೆ ಕಾಯಬೇಕು. 2023ರ ಅಕ್ಟೋಬರಿನಿಂದ ಅವರ ಹೊಸ ವಿಮಾನಗಳಿಗೆ ಬಾಂಧನಿ, ಅಜ್ರಖ್ ಮೊದಲಾದ ಬಟ್ಟೆಗಳ ಚಿತ್ತಾರ ಬರತೊಡಗಿದೆ. ಮದನಪುರದ ನೇಕಾರರಿಗೆ ತೋರಿಸಿದರೆ ಕುಂದು ಎತ್ತಿಯಾರು. ಆದರೂ ನೋಟಕ್ಕೆ ಚೆನ್ನ.

ಚಿತ್ರ ತೆಗೆಯುವ ವಿಧಾನವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬಾಬತ್‌ಪುರದ ಓಡುದಾರಿ ಪೂರ್ವಪಶ್ಚಿಮವಾಗಿದೆ. ಆದ್ದರಿಂದ ದಕ್ಷಿಣದ ಕಡೆಯಿಂದ ನೋಡಿದರೆ ಬಿಸಿಲು ನಮ್ಮ ಬೆನ್ನಿಗಿರುತ್ತದೆ. ಮೇ ತಿಂಗಳ ಮಧ್ಯಾಹ್ನ ನೆಲದ ಕಾವಿಗೆ ಚಿತ್ರವೆಲ್ಲ ನೀರಿನಂತೆ ನಡುಗುತ್ತದೆ. ಪುಷ್ಯಮಾಸದ ಮಂಜಿನಲ್ಲಿ ಬಾಲವಿರಲಿ, ವಿಮಾನವೇ ಕಾಣದು. ಒಳಗೆ ಕುಳಿತು ತೆಗೆಯುವವರು ಕ್ಯಾಮೆರಾವನ್ನು ಕಿಟಕಿಗೆ ಒತ್ತಿದಂತೆ ಹಿಡಿಯಬೇಕು, ಫ್ಲಾಷ್ ಹಾಕಬಾರದು. ಅನುಮತಿಯಿಲ್ಲದೆ ನಿಲ್ದಾಣದಲ್ಲಿ ಚಿತ್ರ ತೆಗೆಯುವುದನ್ನು 1937ರ ವಿಮಾನ ನಿಯಮಗಳು ನಿರ್ಬಂಧಿಸಿದವು. ವಿಮಾನದೊಳಗಿನ ಪ್ರಯಾಣಿಕರಿಗೆ 2004ರ ಸುತ್ತೋಲೆಯಿಂದ ಸಡಿಲಿಕೆ ಸಿಕ್ಕಿತು. ಕಾವಲಿನವರು ಬೇಡವೆಂದರೆ ಚೀಲಕ್ಕೆ ಹಾಕಿಬಿಡಿ, ವಾದಕ್ಕೆ ನಿಲ್ಲಬೇಡಿ.

ಇದೆಲ್ಲ ಏತಕ್ಕೆ ಎಂದು ಕೇಳಬಹುದು. ಕನ್ನಡನಾಡಿನ ಎರಡು ಬಾಲಗಳ ಕಥೆ ಕೇಳಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಹಾರಿಸಿದರು. ಅಲ್ಲಿಯವರೆಗೆ ರೈಲನ್ನೇ ನಂಬಿದ್ದ ಎಷ್ಟೋ ಮಂದಿ ಅದರಿಂದ ವಿಮಾನ ಹತ್ತಿದರು. ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರ ಸಾಮಾನ್ಯ ಮನುಷ್ಯ, ಆ ಪಂಚೆ ಚೌಕಳಿ ಕೋಟಿನ ಮುದುಕ, ಅದರ ಗುರುತಾಳು. 2005ರಲ್ಲಿ ಅದೇ ಬೆಂಗಳೂರಿನಿಂದ ಕಿಂಗ್‌ಫಿಷರ್ ಬಂತು, ಕೆಂಪು ಬಾಲದ ಮೇಲೆ ಮಿಂಚುಳ್ಳಿ. 2008ರಲ್ಲಿ ಮಿಂಚುಳ್ಳಿ ಡೆಕ್ಕನ್ನನ್ನು ನುಂಗಿತು. 2012ರ ಅಕ್ಟೋಬರಿನಲ್ಲಿ ತಾನೂ ನೆಲ ಕಚ್ಚಿತು. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರ ಪಾಡು ಬೇರೆಯೇ ಒಂದು ಕಥೆ. ಬಾಡಿಗೆಗೆ ಕೊಟ್ಟವರು ವಿಮಾನವನ್ನು ಹಿಂದಕ್ಕೆ ಒಯ್ಯುವಾಗ ಬಾಲಕ್ಕೆ ಬಿಳಿ ಬಣ್ಣ ಬಳಿಯುವುದುಂಟು. ಹಣೆಯ ನಾಮ ತೊಳೆದ ಹಾಗೆ. ಹತ್ತು ವರ್ಷದೊಳಗೆ ಎರಡೂ ಇಲ್ಲವಾದವು.

ಹೀಗೆ ಹೋದವು ಇವೆರಡೇ ಅಲ್ಲ. 1953ರ ಆಗಸ್ಟ್ 1ರಂದು ಎಂಟು ಕಂಪೆನಿಗಳನ್ನು ಕೂಡಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿದಾಗ ಅಷ್ಟೂ ಲಾಂಛನಗಳ ಕಾಲ ಮುಗಿಯಿತು. 2019ರ ಏಪ್ರಿಲ್‌ನಲ್ಲಿ ಜೆಟ್ ನಿಂತಿತು. 2024ರ ನವೆಂಬರಿನಲ್ಲಿ ವಿಸ್ತಾರಾ ಏರ್ ಇಂಡಿಯದಲ್ಲಿ ಲೀನವಾಗಿ ಅದರ ಎಂಟು ಮೊನೆಯ ನಕ್ಷತ್ರವೂ ಅಸ್ತವಾಯಿತು.

ನಮ್ಮ ಕಾಶಿಯ ತೀರ್ಥಪುರೋಹಿತರ ಮನೆಗಳಲ್ಲಿ ವಹಿಗಳುಂಟು. ಯಾವ ಊರಿನವರು, ಯಾರ ಮಗ, ಎಂದು ಬಂದರು ಎಂಬುದು ಅಲ್ಲಿ ಬರೆದಿರುತ್ತದೆ. ತಾತನ ಹೆಸರನ್ನು ಅದರಲ್ಲಿ ಕಂಡು ಕಣ್ಣೀರು ತಂದುಕೊಂಡವರು ಈ ಸಭೆಯಲ್ಲಿಯೂ ಇರಬಹುದು. ಆ ವಹಿಯಲ್ಲಿ ಅಕ್ಷರ ಚೆನ್ನಾಗಿದೆಯೇ ಎಂದು ಯಾರೂ ನೋಡುವುದಿಲ್ಲ. ಹೆಸರು, ಊರು, ದಿನ ಇವು ಬೇಕು. ನನ್ನ ಆಲ್ಬಮ್ಮೂ ಅಂಥದೊಂದು ವಹಿ. ಈಗಿನ ಹುಡುಗರ ಮೊಬೈಲಿನಲ್ಲಿ ನನಗಿಂತ ಸೊಗಸಾದ ಚಿತ್ರಗಳಿವೆ. ಎಲ್ಲಿ, ಎಂದು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ವಿಮಾನದ ಮೈಮೇಲೆ ವಿಟಿ ಎಂದು ಆರಂಭವಾಗುವ ನೋಂದಣಿಯ ಅಕ್ಷರಗಳಿರುತ್ತವೆ. ಅವನ್ನೂ ತಾರೀಕನ್ನೂ ಬರೆದಿಡಿ. ಅದಿದ್ದರೆ ಬಾಲ ಬದಲಾದರೂ ವಿಮಾನ ಇಂಥದೇ ಎಂದು ಹಿಡಿಯಬಹುದು.

ಕಡೆಯದಾಗಿ ಒಂದು ಬೇಡಿಕೆ. 1981ರಿಂದ 1993ರವರೆಗೆ ಇದ್ದ ವಾಯುದೂತದ ಬಾಲ ನನ್ನ ಆಲ್ಬಮ್ಮಿನಲ್ಲಿಲ್ಲ. ಏರ್ ಡೆಕ್ಕನ್ನಿನದು ಒಂದೇ ಒಂದಿದೆ, ಅದೂ ಮಸುಕು. ಹಿರಿಯರ ಟ್ರಂಕಿನಲ್ಲಿ, ಮದುವೆಯ ಆಲ್ಬಮ್ಮಿನ ನಡುವೆ, ಯಾರನ್ನಾದರೂ ಬೀಳ್ಕೊಟ್ಟಾಗ ತೆಗೆದ ಹಳೆಯ ಚಿತ್ರವಿದ್ದೀತು. ಮನುಷ್ಯರ ಹಿಂದೆ ಎಲ್ಲೋ ಬಾಲದ ಚೂರು ಕಂಡರೂ ಸಾಕು. ದಯಮಾಡಿ ಮುಂದಿನ ಸಭೆಗೆ ತನ್ನಿ. ಪ್ರತಿ ಮಾಡಿಕೊಂಡು ಮೂಲವನ್ನು ತಮ್ಮ ಕೈಗೇ ಒಪ್ಪಿಸುತ್ತೇನೆ.