ಅಭ್ಯಾಸ ಕೊಠಡಿ ಯಾರ ಸರದಿ?



ಕಳೆದ ಪರೀಕ್ಷೆಯ ದಿನಗಳಲ್ಲಿ ಕುಣಿಗಲ್‌ನಿಂದ ಬಸ್ಸಿನಲ್ಲಿ ಬಂದ ಇಬ್ಬರು ಹೆಣ್ಣುಮಕ್ಕಳು ತುಮಕೂರಿನ ಒಂದು ಗ್ರಂಥಾಲಯದ ಅಭ್ಯಾಸ ಕೊಠಡಿಯ ಬಾಗಿಲಿನಿಂದಲೇ ಹಿಂದಿರುಗಿದ್ದನ್ನು ಕಂಡೆ. ಅವರು ಹೆಸರು ಬರೆಸಿದ್ದರು. ಅದೇ ವೇಳೆಗೆ ಇನ್ನೊಂದು ರಿಜಿಸ್ಟರಿನಲ್ಲಿ ಬೇರೆಯವರ ಹೆಸರೂ ಇತ್ತು. ಮನೆಯಲ್ಲಿ ಓದಲು ಜಾಗವಿಲ್ಲದ ಮಗುವಿಗೆ ಆ ಎರಡು ಗಂಟೆ ಬಹಳ ದೊಡ್ಡದು.

ಕೊಠಡಿ ಕಾಯ್ದಿರಿಸುವ ಸಾಫ್ಟ್‌ವೇರ್‌ಗೆ ಲಕ್ಷ ಸುರಿಯಬೇಕಿಲ್ಲ. ಎಂ.ಆರ್.ಬಿ.ಎಸ್. ಎಂಬುದು ಉಚಿತ, ಮುಕ್ತ ತಂತ್ರಾಂಶ. ಒಂದೇ ವೇಳೆಗೆ ಒಂದು ಕೊಠಡಿಯನ್ನು ಇಬ್ಬರಿಗೆ ಕೊಡುವುದಿಲ್ಲ. ಗೂಗಲ್ ಕ್ಯಾಲೆಂಡರ್ ಇನ್ನೂ ಸುಲಭ. ಆದರೆ ಸಾಮಾನ್ಯವಾಗಿ ಹಂಚಿಕೊಂಡ ಕ್ಯಾಲೆಂಡರಿನಲ್ಲಿ ಒಂದರ ಮೇಲೊಂದು ಬರೆದರೆ ಅದು ತಾನಾಗಿ ತಡೆಯದು. 2000ರಲ್ಲಿ ನ್ಯೂಜಿಲೆಂಡಿನ ಗ್ರಂಥಾಲಯವೊಂದು ಬಳಕೆಗೆ ತಂದ ಕೋಹಾ ಕೂಡ ಉಚಿತ. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕೊಡುಗೆ. ಅದರ ಮುಖ್ಯ ಕೆಲಸ ಪುಸ್ತಕಗಳ ಲೆಕ್ಕ. ಕೊಠಡಿಗೆಂದೇ ಅದನ್ನು ತರಬೇಕಿಲ್ಲ.

ಉಚಿತವೆಂದರೆ ಖರ್ಚೇ ಇಲ್ಲವೆಂದಲ್ಲ. ಸರ್ವರ್ ಬಾಡಿಗೆ, ಬ್ಯಾಕಪ್, ಕೆಟ್ಟರೆ ಸರಿಪಡಿಸುವವರು ಬೇಕು. ಆದ್ದರಿಂದ ಮೊದಲೇ ಮೂರು ಪ್ರಶ್ನೆ ಕೇಳೋಣ: ವರ್ಷಕ್ಕೆ ಒಟ್ಟು ಎಷ್ಟು? ಕನ್ನಡದ ಹೆಸರುಗಳೂ ಬಲದಿಂದ ಎಡಕ್ಕೆ ಬರೆಯುವ ಉರ್ದು ಹೆಸರುಗಳೂ ಸರಿಯಾಗಿ ಕಾಣುತ್ತವೆಯೆ? ಹೆಣ್ಣುಮಕ್ಕಳ ಫೋನ್ ನಂಬರು ಎಲ್ಲರ ಕಣ್ಣಿಗೆ ಬೀಳುತ್ತದೆಯೆ?

ಸ್ವಂತ ಫೋನಿಲ್ಲದ ಮಗು ಬಂದು ಕೇಳಿದರೆ ಸಿಬ್ಬಂದಿ ಅದೇ ಪಟ್ಟಿಯಲ್ಲಿ ಹೆಸರು ಬರೆಯಲಿ. ಗುಬ್ಬಿ, ಕುಣಿಗಲ್‌ನ ಮಕ್ಕಳಿಗೆ ಬಸ್ಸು ಹತ್ತುವ ಮೊದಲೇ ಸರದಿ ತಿಳಿಯಲಿ. ಒಂದು ತಿಂಗಳು ಬಳಸಿ ನೋಡೋಣ, ಆಮೇಲೆ ಹಣ ಕೊಡೋಣ.