ಮೌನವೂ ಒಂದು ಪಾತ್ರ

ಮಳೆಗಾಗಿ ಋಷ್ಯಶೃಂಗನಿಗೆ ಮೊರೆಯಿಡುವ ಊರು ನಮ್ಮ ಕಿಗ್ಗ. ಮಳೆ ಹಿಡಿದರೆ ಇಲ್ಲಿ ಮನೆಯ ಹಿರಿಯರು ಜಗಲಿಯಲ್ಲಿ ಕೂತು, ಮಾತಿಲ್ಲದೆ ತೋಟ ನೋಡುತ್ತಿರುತ್ತಾರೆ. ಅವರನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ನಟ ದತ್ತಣ್ಣ.

ದತ್ತಣ್ಣ ಎಂದೇ ಹೆಸರಾದ ಎಚ್.ಜಿ. ದತ್ತಾತ್ರೇಯ 1942ರಲ್ಲಿ ಚಿತ್ರದುರ್ಗದಲ್ಲಿ ಹುಟ್ಟಿದವರು. ಎಂಜಿನಿಯರಿಂಗ್ ಓದಿ, ವಾಯುಪಡೆಯಲ್ಲಿ ಎರಡು ದಶಕ ದುಡಿದು ವಿಂಗ್ ಕಮಾಂಡರ್ ಆಗಿ ನಿವೃತ್ತರಾದರು. ಸಿನಿಮಾಕ್ಕೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಆಮೇಲೆ ಕಿರುತೆರೆಯೂ ಕೈಹಿಡಿಯಿತು. ಅಪ್ಪ, ಅಜ್ಜ, ಮೇಷ್ಟ್ರು, ಯಾವ ಪಾತ್ರ ಕೊಟ್ಟರೂ ನೆರೆಮನೆಯವರಂತೆಯೇ ಕಂಡರು.

'ಭಾರತ್ ಸ್ಟೋರ್ಸ್' ಚಿತ್ರದ ದಿನಸಿ ಅಂಗಡಿಯ ಶೆಟ್ಟರ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿಯ ವಿಶೇಷ ಮನ್ನಣೆ ಸಿಕ್ಕಿತು. ಆದರೆ ನನ್ನ ಮನಸ್ಸು ನಿಲ್ಲುವುದು 'ಮೌನಿ'ಯಲ್ಲಿ. ಅನಂತಮೂರ್ತಿಯವರ ಕತೆ, ಲಿಂಗದೇವರು ನಿರ್ದೇಶನ. ಸಾಲದಲ್ಲಿ ಮುಳುಗಿದ ಅಡಿಕೆ ತೋಟದ ಕುಪ್ಪಣ್ಣಭಟ್ಟ ಮಾತನ್ನೇ ಬಿಡುತ್ತಾನೆ. ನಟನಿಗೆ ಸಂಭಾಷಣೆಯೇ ಆಸ್ತಿ ಅನ್ನುತ್ತಾರೆ, ದತ್ತಣ್ಣ ಅದನ್ನೂ ಕೆಳಗಿಟ್ಟರು. ಬಾಗಿದ ಬೆನ್ನು, ಎಲ್ಲೋ ನೆಟ್ಟ ಕಣ್ಣು, ಅಷ್ಟೇ. ಕೊಳೆರೋಗಕ್ಕೆ ತೋಟ ಕಳೆದುಕೊಂಡವರ ಮುಖ ಹತ್ತಿರದಿಂದ ನೋಡಿದವಳು ನಾನು; ಆ ಮುಖ ತೆರೆಯ ಮೇಲಿತ್ತು.

ಇವತ್ತು ನಿಮ್ಮ ಮನೆಯ ಜಗಲಿಯಲ್ಲೂ ಅಂಥ ಹಿರಿಯರೊಬ್ಬರು ಕೂತಿರಬಹುದು. ಕಾಫಿ ಕೊಡುವಾಗ ಒಂದು ಗಳಿಗೆ ಅವರ ಪಕ್ಕ ಕೂತುಕೊಳ್ಳಿ.