ತುರ್ಶಾ, ಆಮ್ಲ, ಆಸಿಡ್: ಹೆಸರು ಮೂರು, ವಿಷಯ ಒಂದೇ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದರೂ ಇಂದು ರಸಾಯನಶಾಸ್ತ್ರದ ಬಗ್ಗೆ ನಾಲ್ಕು ಮಾತು ಆಡಲು ಕಾರಣವಿದೆ. ಉರ್ದು ಮಾಧ್ಯಮದಲ್ಲಿ ಓದಿದ ಎಷ್ಟೋ ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ‘ಸೈನ್ಸ್ ನಮಗಲ್ಲ’ ಎಂದುಬಿಡುತ್ತಾರೆ. ಅನೇಕ ಸಲ ಅವರನ್ನು ಹೆದರಿಸುವುದು ವಿಷಯವಲ್ಲ, ಪದಗಳು. ಪದಗಳ ಭಯ ಬಿಡಿಸುವುದು ಭಾಷಾ ಶಿಕ್ಷಕರ ಕೆಲಸವೂ ಹೌದು.

ಉರ್ದು ಪಠ್ಯದಲ್ಲಿ ‘ತುರ್ಶಾ’, ಕನ್ನಡದಲ್ಲಿ ‘ಆಮ್ಲ’, ಇಂಗ್ಲಿಷಿನಲ್ಲಿ ‘ಆಸಿಡ್’. ಮೂರಕ್ಕೂ ಮೂಲದಲ್ಲಿ ಇರುವುದು ಹುಳಿ ಎಂಬ ಅರ್ಥವೇ. ಹುಣಸೆ, ನಿಂಬೆ, ಮೊಸರು ಇವುಗಳ ಹುಳಿಗೆ ಆಮ್ಲವೇ ಕಾರಣ. ಇದಕ್ಕೆ ಎದುರಾದದ್ದು ಕ್ಷಾರ, ಅಂದರೆ ‘ಆಲ್ಕಲಿ’. ಗಿಡಗಳನ್ನು ಸುಟ್ಟ ಬೂದಿಗೆ ಹೇಳುವ ಅರಬ್ಬಿ ಪದದಿಂದ ಅದು ಬಂದಿದೆ. ಪೊಟ್ಯಾಸಿಯಂನ ಸಂಕೇತ ‘ಕೆ’ ಆಗಿರುವುದಕ್ಕೂ ಅದೇ ಪದ ಮೂಲ.

ಆದರೆ ಹೆಸರನ್ನು ಕಣ್ಣು ಮುಚ್ಚಿ ನಂಬಬಾರದು. ‘ಆಮ್ಲಜನಕ’ ಎಂದರೆ ಆಮ್ಲವನ್ನು ಹುಟ್ಟಿಸುವುದು. 18ನೇ ಶತಮಾನದಲ್ಲಿ ಫ್ರಾನ್ಸಿನ ಲೆವಾಸಿಯೇ, ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇರುತ್ತದೆಂದು ತಿಳಿದು ಆ ಅರ್ಥದ ಹೆಸರಿಟ್ಟರು. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹೈಡ್ರೋಜನ್ ಮತ್ತು ಕ್ಲೋರಿನ್ ಮಾತ್ರ ಇವೆ ಎಂದು ಹೇಳಿದರು. ತಪ್ಪು ತಿಳಿವಳಿಕೆ ಹೋಯಿತು, ಹೆಸರು ಉಳಿಯಿತು.

ಪರಮಾಣು ಎಲೆಕ್ಟ್ರಾನನ್ನು ಕಳೆದುಕೊಂಡರೆ ಧನ ಅಯಾನು, ಪಡೆದುಕೊಂಡರೆ ಋಣ ಅಯಾನು. ಆಮ್ಲವು ನೀರಿನಲ್ಲಿ ಹೈಡ್ರೋಜನ್ ಅಯಾನನ್ನು ಕೊಡುತ್ತದೆ, ಕ್ಷಾರವು ಹೈಡ್ರಾಕ್ಸೈಡ್ ಅಯಾನನ್ನು. ಇವೆರಡೂ ಕೂಡಿದರೆ ನೀರು. ದ್ರಾವಣದಲ್ಲಿನ ಅಯಾನುಗಳ ಬಗ್ಗೆ ಸ್ವೀಡನ್ನಿನ ಅರೇನಿಯಸ್ 1884ರಲ್ಲಿ ಮಹಾಪ್ರಬಂಧ ಬರೆದಾಗ ಉಪ್ಸಾಲಾ ವಿಶ್ವವಿದ್ಯಾನಿಲಯ ಅದಕ್ಕೆ ಕೆಳದರ್ಜೆ ಕೊಟ್ಟಿತು. ಅದೇ ವಿಚಾರಕ್ಕೆ 1903ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಕಡಿಮೆ ಅಂಕ ಬಂದಿರುವ ಮಕ್ಕಳೇ, ಇದನ್ನು ನೆನಪಿಡಿ.

ಇನ್ನು ಆವರ್ತ ಕೋಷ್ಟಕ. ಅದು ಬಾಯಿಪಾಠದ ಪಟ್ಟಿಯಲ್ಲ, ನಕ್ಷೆ. ಮೂರನೇ ಸಾಲು ನೋಡಿ. ಸೋಡಿಯಂನಲ್ಲಿ 11 ಪ್ರೋಟಾನು, ಕ್ಲೋರಿನ್‌ನಲ್ಲಿ 17. ಎಡದಿಂದ ಬಲಕ್ಕೆ ಹೋದಂತೆ ಹೊರಗಿನ ಎಲೆಕ್ಟ್ರಾನುಗಳ ಮೇಲೆ ಬೀಜಕೇಂದ್ರದ ಸೆಳೆತ ಹೆಚ್ಚುತ್ತದೆ, ಪರಮಾಣು ಚಿಕ್ಕದಾಗುತ್ತದೆ. ಆದ್ದರಿಂದಲೇ ಸೋಡಿಯಂ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಕ್ಲೋರಿನ್ ಸೆಳೆದುಕೊಳ್ಳುತ್ತದೆ. ಸೋಡಿಯಂನ ಆಕ್ಸೈಡ್ ನೀರಿನಲ್ಲಿ ಕ್ಷಾರವಾಗುತ್ತದೆ, ಗಂಧಕದ ಆಕ್ಸೈಡ್ ಆಮ್ಲವಾಗುತ್ತದೆ. ನಡುವಿನ ಅಲ್ಯೂಮಿನಿಯಂ ಆಕ್ಸೈಡ್ ಆಮ್ಲ, ಕ್ಷಾರ ಎರಡರೊಂದಿಗೂ ವರ್ತಿಸುತ್ತದೆ. ರಷ್ಯಾದ ಮೆಂಡಲೀವ್ 1869ರಲ್ಲಿ ಕೋಷ್ಟಕ ರಚಿಸಿ, ಮುಂದೆ ಸಿಗಬಹುದಾದ ಧಾತುಗಳಿಗೆ ಜಾಗ ಖಾಲಿ ಬಿಟ್ಟರು. 1875ರಲ್ಲಿ ಗ್ಯಾಲಿಯಂ ಸಿಕ್ಕಿ ಒಂದು ಜಾಗ ತುಂಬಿತು.

ಮನೆಯಲ್ಲೇ ಪರೀಕ್ಷೆ ಮಾಡಿ. ಬಿಳಿ ಬಟ್ಟೆಯ ಅರಿಶಿನದ ಕಲೆಗೆ ಬಟ್ಟೆ ಸೋಪು ಹಚ್ಚಿದರೆ ಕೆಂಪಾಗುತ್ತದೆ. ನಿಂಬೆರಸ ಹಾಕಿದರೆ ಮತ್ತೆ ಹಳದಿ. ತಾಯಂದಿರಲ್ಲಿ ಒಂದು ವಿನಂತಿ: ಶೌಚಾಲಯ ತೊಳೆಯುವ ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಎಂದಿಗೂ ಬೆರೆಸಬೇಡಿ. ಅದರಿಂದ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ವಿದ್ಯಾರ್ಥಿಗಳೇ, ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಐದು ಪದಗಳನ್ನು ಉರ್ದು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅರ್ಥಸಹಿತ ಬರೆಯಿರಿ. ಸಂಘದ ಹಿರಿಯರೇ, ಎಸ್ಸೆಸ್ಸೆಲ್ಸಿ ನಂತರದ ರಜೆಯಲ್ಲಿ ಇಂಥ ಪದಗಳಿಗಾಗಿಯೇ ಒಂದು ತರಗತಿ ನಡೆಸೋಣ. ಪದ ಗೊತ್ತಿಲ್ಲವೆಂಬ ಒಂದೇ ಕಾರಣಕ್ಕೆ ನಮ್ಮ ಯಾವ ಮಗಳೂ, ಯಾವ ಮಗನೂ ವಿಜ್ಞಾನವನ್ನು ಬಿಡಬಾರದು. ಅಲ್ಲಾಹನು ನಮ್ಮ ಪ್ರಯತ್ನಕ್ಕೆ ಬರಕತ್ ನೀಡಲಿ.